ಅನಿಸಿದ್ದು, ಆದದ್ದು

ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷಗಳಾದವು. ಹನ್ನೊಂದನೆಯ ವರ್ಷದ ಒಂದು ರಾತ್ರಿಯನ್ನು ಹೇಳದೆ ಉಳಿದದ್ದನ್ನು ಹೇಳಲು ನನಗೆ ಬರುವುದಿಲ್ಲ.

ಆಕೆಗೆ ಅದು ಎರಡನೆಯ ಹೆರಿಗೆ. ಸಲೀಸಾಗಿ ಆಗಿತ್ತು, ಮಾಸು ಪೂರ್ತಿ ಬಿದ್ದಿತ್ತು, ಮಗು ಎದೆ ಹಿಡಿದಿತ್ತು. ರಾತ್ರಿ ಎರಡೂವರೆಗೆ ಬಿಪಿ ನೋಡಿದೆ: 110/70. ಕೇಸ್ ಶೀಟಿನಲ್ಲಿ ಬರೆದು ಪಕ್ಕದ ಹಾಸಿಗೆಗೆ ಹೋಗುತ್ತಿದ್ದಂತೆ ನನ್ನ ಹೊಟ್ಟೆಯೊಳಗೆ ಏನೋ ಹಿಡಿದಂತಾಯಿತು. ತಿರುಗಿ ನೋಡಿದರೆ ಬಾಣಂತಿ ಹೊದಿಕೆಯನ್ನು ಕಾಲಿನಿಂದ ಸರಿಸುತ್ತಾಳೆ, ಮತ್ತೆ ಎಳೆದುಕೊಳ್ಳುತ್ತಾಳೆ. "ಸಿಸ್ಟರ್, ಏನೋ ಸಂಕಟ" ಎಂದಳು. ಎಲ್ಲಿ ಎಂದು ಕೇಳಿದರೆ ಅವಳಿಗೂ ತಿಳಿಯದು. ಪ್ಯಾಡಿನಲ್ಲಿ ಹೆಚ್ಚು ರಕ್ತವಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಆಗಲೇ ನೋಡಬೇಕಿತ್ತು. ಸ್ವಲ್ಪ ಹೊತ್ತಿನ ಹಿಂದೆ ನೋಡಿದ್ದೆನಲ್ಲ ಎಂದು ಬಿಟ್ಟೆ. ಡಾಕ್ಟರನ್ನು ಎಬ್ಬಿಸಬೇಕು ಎನಿಸಿತು. ಎಬ್ಬಿಸಿ ಏನೆಂದು ಹೇಳುವುದು? ಬಿಪಿ ಸರಿಯಾಗಿದೆ, ರಕ್ತಸ್ರಾವವಿಲ್ಲ, ಆದರೂ ಬನ್ನಿ ಎಂದೇ? ಇಪ್ಪತ್ತೈದು ನಿಮಿಷ ಕಾದೆ. ಅಷ್ಟರಲ್ಲಿ ಒಳಗೆ ಹೆಪ್ಪುಗಟ್ಟಿದ್ದ ರಕ್ತವೆಲ್ಲ ಒಮ್ಮೆಲೇ ಹೊರಬಂತು. ತಾಯಿ ಉಳಿದಳು. ಅವಳ ಗರ್ಭಕೋಶ ಉಳಿಯಲಿಲ್ಲ.

ನನ್ನನ್ನು ಯಾರೂ ದೂರಲಿಲ್ಲ. ದಾಖಲೆಯಲ್ಲಿ ತಪ್ಪಿರಲಿಲ್ಲ. ಒಂದು ವಾರದ ನಂತರ ಆ ಕೇಸ್ ಶೀಟನ್ನು ನಾನಾಗಿಯೇ ತೆಗೆದು ನೋಡಿದೆ. ನಾಡಿಬಡಿತದ ಸಾಲಿನಲ್ಲಿ 84, ಅದರ ಕೆಳಗೆ 92, ಅದರ ಕೆಳಗೆ 104. ಮೂರೂ ನನ್ನದೇ ಕೈಬರಹ. ಆರೋಗ್ಯವಂತ ಬಾಣಂತಿಯಲ್ಲಿ ಸುಮಾರು ಒಂದು ಲೀಟರ್ ರಕ್ತ ಹೋಗುವವರೆಗೂ ಬಿಪಿ ಬೀಳದೇ ಇರಬಹುದು. ಅದಕ್ಕೂ ಮೊದಲೇ ನಾಡಿ ಏರುತ್ತದೆ, ರೋಗಿ ಚಡಪಡಿಸುತ್ತಾಳೆ. ಇದನ್ನು ನಾನು ಓದಿದ್ದೆ, ಕಿರಿಯರಿಗೆ ಪಾಠವನ್ನೂ ಹೇಳಿದ್ದೆ. ಆ ರಾತ್ರಿ ಬರೆದದ್ದನ್ನು ನಾನು ಓದಲಿಲ್ಲ, ನನ್ನ ಹೊಟ್ಟೆ ಓದಿತ್ತು. ಒಳದನಿ ಎಂದರೆ ಎಲ್ಲಿಂದಲೋ ಇಳಿದು ಬರುವ ಪವಾಡ ಎಂಬ ಭಾವನೆ ನನ್ನಲ್ಲಿ ಅಂದಿಗೆ ಮುಗಿಯಿತು. ಕಣ್ಣು ಕಂಡು, ಕೈ ಮುಟ್ಟಿ, ಮಾತು ಮಾತ್ರ ಇನ್ನೂ ಹುಟ್ಟದ ತಿಳಿವಳಿಕೆ ಅದು.

ಹಾಗಾದರೆ ತಿಳಿದೂ ಏಕೆ ಸುಮ್ಮನಿದ್ದೆ? ಈ ಪ್ರಶ್ನೆಯೇ ನನ್ನನ್ನು ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದ ಹತ್ತು ದಿನಗಳ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಕಳುಹಿಸಿತು. ಬರ್ಮಾದಲ್ಲಿ ಸಯಾಜಿ ಊ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಎಸ್. ಎನ್. ಗೋಯೆಂಕಾ ಅವರ ಪರಂಪರೆ ಅದು. ಬೆಳಗಿನ ನಾಲ್ಕಕ್ಕೆ ಗಂಟೆ, ದಿನವಿಡೀ ಮೌನ. ಮೊದಲ ಮೂರು ದಿನ ಮೂಗಿನ ಬಳಿ ಉಸಿರನ್ನು ಗಮನಿಸುವುದು, ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಮೈಯ ಸಂವೇದನೆಗಳನ್ನು ನೋಡುತ್ತಾ ಹೋಗುವುದು. ಬಯಸುವಂತಿಲ್ಲ, ತಳ್ಳುವಂತಿಲ್ಲ.

ಆರನೆಯ ದಿನ ಮಧ್ಯಾಹ್ನ, ಮೊಣಕಾಲಿನ ನೋವಿನ ನಡುವೆ ಹಳೆಯದೊಂದು ನೆನಪು ಬಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ರೋಗಿಗಳ ಎದುರೇ "ನಿನಗೆ ಅನಿಸಿದ್ದನ್ನೆಲ್ಲ ಕೇಳಲು ನಾನಿಲ್ಲಿ ಕೂತಿಲ್ಲ" ಎಂದು ಗದರಿದ್ದರು. ನೆನಪು ಬಂದ ಕ್ಷಣವೇ ಗಂಟಲು ಬಿಗಿಯಿತು. ಆ ಬಿಗಿತ ಎಷ್ಟು ಪರಿಚಿತ! ಅಪ್ಪ ಮನೆಗೆ ಬರುವ ಹೊತ್ತಿಗೆ ನಮ್ಮೆಲ್ಲರ ಬಾಯಿ ಮುಚ್ಚುತ್ತಿದ್ದ ಬಾಲ್ಯದ ಸಂಜೆಗಳದ್ದೂ ಅದೇ ಬಿಗಿತ. ಆ ರಾತ್ರಿ ಹೊಟ್ಟೆ ಒಂದು ಮಾತು ಹೇಳಿತ್ತು, ಗಂಟಲು ಅದನ್ನು ನುಂಗಿತ್ತು. ಎರಡು ಬೇರೆ ಬೇರೆ ಸಂಗತಿಗಳನ್ನು ನಾನು ಇಷ್ಟು ವರ್ಷ 'ಗಾಬರಿ' ಎಂಬ ಒಂದೇ ಹೆಸರಿನಿಂದ ಕರೆದಿದ್ದೆ. ಕುಳಿತಲ್ಲೇ ಅತ್ತೆ.

ಶಿಬಿರದಿಂದ ಬಂದ ಮೇಲೆ ಧ್ಯಾನವನ್ನು ಅವರು ಹೇಳಿದಷ್ಟು ಉಳಿಸಿಕೊಳ್ಳಲು ನೈಟ್ ಡ್ಯೂಟಿ ಬಿಡಲಿಲ್ಲ. ಉಳಿದದ್ದು ಪಾಳಿಗೆ ಹೋಗುವ ಮೊದಲಿನ ಹದಿನೈದು ನಿಮಿಷ, ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್. ಪ್ರತಿ ಪುಟದ ಮಧ್ಯೆ ಗೆರೆ ಎಳೆದೆ. ಎಡಗಡೆ 'ಅನಿಸಿದ್ದು', ಬಲಗಡೆ 'ಆದದ್ದು'. ನಿಯಮ ಒಂದೇ: ಎಡಗಡೆಯದನ್ನು ಫಲ ತಿಳಿಯುವ ಮೊದಲೇ ಬರೆಯಬೇಕು, ಮೈಯಲ್ಲಿ ಎಲ್ಲಿ ಅನಿಸಿತು ಎಂಬುದನ್ನೂ ಸೇರಿಸಿ. ಯಾರಾದರೂ ಈ ದಾರಿಗೆ ಬರುವುದಾದರೆ ನಾನು ಹಟ ಹಿಡಿದು ಹೇಳುವುದು ಇದನ್ನೇ. ಬರೆಯದಿದ್ದರೆ "ನನಗೆ ಆಗಲೇ ಅನಿಸಿತ್ತು" ಎಂಬುದು ಬಹಳ ಸುಲಭದ ಮಾತು. ತಪ್ಪಿದ್ದನ್ನೆಲ್ಲ ಮನಸ್ಸು ಅಳಿಸಿ, ಸರಿಯಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಎರಡು ವರ್ಷಗಳ ನಂತರ ಆ ಪುಟಗಳನ್ನು ಒಟ್ಟಿಗೆ ಓದಿದೆ. ವಾರ್ಡಿನ ವಿಷಯದಲ್ಲಿ ಹೊಟ್ಟೆಯ ಮಾತು ಬಹಳ ಸಲ ನಿಜವಾಗಿತ್ತು. ಅದು ಚಿಕ್ಕದಾಗಿ ಬರುತ್ತಿತ್ತು, ವಾದ ಮಾಡುತ್ತಿರಲಿಲ್ಲ. ಗಂಟಲಿನದು ಉದ್ದುದ್ದ ಕಥೆ ಕಟ್ಟುತ್ತಿತ್ತು: ಅವರು ಏನೆನ್ನುತ್ತಾರೋ, ಆಮೇಲೆ ಏನಾಗುತ್ತದೋ. ಆದರೆ ಮನುಷ್ಯರ ಬಗ್ಗೆ ನನಗೆ ಅನಿಸಿದ್ದು? ಹೊಸದಾಗಿ ಬಂದ ಒಬ್ಬ ಸಹೋದ್ಯೋಗಿಯ ಮೇಲೆ 'ನಂಬಿಕೆಗೆ ತಕ್ಕವಳಲ್ಲ' ಎಂದು ಬರೆದಿದ್ದೆ. ಅಮ್ಮನಿಗೆ ಆಪರೇಷನ್ ಆದಾಗ ಎರಡು ರಾತ್ರಿ ಪಕ್ಕದಲ್ಲಿ ಕುಳಿತವಳು ಅವಳೇ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಗ್ಯಾರಿ ಕ್ಲೈನ್ ಒಳದನಿಯ ಬಗ್ಗೆ ಎದುರುಬದುರು ನಿಲುವಿನವರಾಗಿದ್ದರು. ಅವರಿಬ್ಬರೂ ಸೇರಿ 2009ರಲ್ಲಿ ಬರೆದ ಪ್ರಬಂಧದ ತಿರುಳು ನನ್ನ ನೋಟ್‌ಬುಕ್ಕಿಗೆ ಹೊಂದುತ್ತದೆ: ಮತ್ತೆ ಮತ್ತೆ ಕಾಣುವ ಕ್ರಮವೊಂದು ಇರುವಲ್ಲಿ, ತಪ್ಪೋ ಸರಿಯೋ ಎಂದು ಬೇಗ ತಿಳಿಯುವಲ್ಲಿ, ಬಹುಕಾಲ ದುಡಿದವರ ಒಳದನಿಯನ್ನು ನಂಬಬಹುದು. ಹೆರಿಗೆ ವಾರ್ಡು ಅಂಥ ಜಾಗ. ಮದುವೆ ಸಂಬಂಧ, ಹಣಕಾಸು, ಮೊದಲ ಸಲ ಕಂಡ ಮುಖ ಅಂಥವಲ್ಲ.

ಇನ್ನೊಂದು ಪುಟವಿದೆ. ನನ್ನ ತಮ್ಮ ತನ್ನ ಸಾಲಕ್ಕೆ ಜಾಮೀನು ಹಾಕಲು ಕೇಳಿದ. "ಅಕ್ಕಾ, ಒಂದು ಸಹಿ ಅಷ್ಟೇ." ಮೊದಲಾಗಿದ್ದರೆ ಅಲ್ಲೇ ಪೆನ್ನು ಹುಡುಕುತ್ತಿದ್ದೆ. ಒಂದು ರಾತ್ರಿ ಸಮಯ ಕೇಳಿದೆ. 'ಬೇಡ. ಸಾಲ ತೀರಿಸಲಾರ' ಎಂದು ಬರೆದು, ಬೆಳಿಗ್ಗೆ ಆಗುವುದಿಲ್ಲ ಎಂದು ಹೇಳಿದೆ. ಎಂಟು ತಿಂಗಳು ಅವನು ಮಾತು ಬಿಟ್ಟ. ಸಾಲವನ್ನು ಮಾತ್ರ ಒಂದು ಕಂತೂ ತಪ್ಪದೆ ತೀರಿಸಿದ. ಬಲಗಡೆ 'ತಪ್ಪು' ಎಂದು ಬರೆಯಲು ಹೋಗಿ ಬಹಳ ಹೊತ್ತು ಕುಳಿತೆ. 'ತೀರಿಸಲಾರ' ಎಂಬುದು ತಪ್ಪಾಗಿತ್ತು. 'ಬೇಡ' ಎಂಬುದು ಅವನ ಭವಿಷ್ಯದ ಮಾತಾಗಿರಲಿಲ್ಲ. ನನಗೆ ಇಷ್ಟವಿಲ್ಲ ಎಂಬುದಷ್ಟೇ ಆಗಿತ್ತು. ನನ್ನ ಇಷ್ಟ ಹೇಳಲು ನಾನು ಅವನ ಸೋಲನ್ನು ನೆಪ ಮಾಡಿಕೊಂಡಿದ್ದೆ. ಅದನ್ನು ಅವನಿಗೆ ಹೇಳಿ ಕ್ಷಮೆ ಕೇಳಿದೆ. ಈಗ ಹಬ್ಬಕ್ಕೆ ಬರುತ್ತಾನೆ.

ವಾರ್ಡಿನಲ್ಲಿ ನಾನು ಈಗ ಹಿರಿಯಳು. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರ ಹೊತ್ತಿಗೆ ತುರ್ತು ತಂಡವನ್ನು ಕರೆಯುವ ವ್ಯವಸ್ಥೆಯೊಂದು ಶುರುವಾಯಿತು. ನಾಡಿ, ಬಿಪಿ, ಉಸಿರಾಟಗಳ ಜೊತೆಗೆ 'ರೋಗಿಯ ಬಗ್ಗೆ ಸಿಬ್ಬಂದಿಗೆ ತೀವ್ರ ಕಳವಳ' ಎಂಬುದೂ ಅಲ್ಲಿ ಕರೆಯಲು ಸಾಕಾಗುವ ಕಾರಣವಾಯಿತು. ಇದನ್ನು ಓದಿದ ದಿನ ನನಗೆ ಆದ ಸಮಾಧಾನ ಹೇಳತೀರದು. ಅಂದಿನಿಂದ ಪಾಳಿ ಬದಲಾಗುವಾಗ, ಅಂಕಿಗಳೆಲ್ಲ ಮುಗಿದ ಮೇಲೆ, ಕಿರಿಯರನ್ನು ಒಂದು ಪ್ರಶ್ನೆ ಕೇಳುತ್ತೇನೆ: "ಯಾರ ಬಗ್ಗೆಯಾದರೂ ನಿನ್ನ ಮನಸ್ಸು ಕದಡಿದೆಯೇ?"

ಕಳೆದ ತಿಂಗಳು ಹೊಸ ಹುಡುಗಿಯೊಬ್ಬಳು ತಡೆದು ತಡೆದು, "ಐದನೆಯ ಹಾಸಿಗೆ, ಸಿಸ್ಟರ್. ಕಾರಣ ಗೊತ್ತಿಲ್ಲ" ಎಂದಳು. ಇಬ್ಬರೂ ಹೋಗಿ ನಾಡಿ ನೋಡಿದೆವು, ಗರ್ಭಕೋಶ ಮುಟ್ಟಿ ನೋಡಿದೆವು, ಡಾಕ್ಟರೂ ಬಂದು ನೋಡಿದರು. ಏನೂ ಇರಲಿಲ್ಲ. ಆ ತಾಯಿಗೆ ಊರಿನಲ್ಲಿ ಬಿಟ್ಟುಬಂದ ದೊಡ್ಡ ಮಗುವಿನ ಚಿಂತೆ. ಹುಡುಗಿಯ ಮುಖ ಇಳಿದುಹೋಯಿತು. ನನ್ನ ಬ್ಯಾಗಿನಿಂದ ಒಂದು ಖಾಲಿ ನೋಟ್‌ಬುಕ್ ತೆಗೆದು, ಮಧ್ಯೆ ಗೆರೆ ಎಳೆದು ಅವಳ ಕೈಗೆ ಕೊಟ್ಟೆ.