ದೂರದ ಊರಿಗೆ ದಿನಸಿ: ನೀರಿಗೂ ಬಾಡಿಗೆ ಕಟ್ಟಬೇಕಾ?

ರಸ್ತೆ ಮುಗಿಯುವ ಕಡೆ, ದ್ವೀಪದಲ್ಲಿ, ಹಿಮ ಬಿದ್ದರೆ ದಾರಿ ಮುಚ್ಚುವ ಬೆಟ್ಟದ ಮೇಲೆ ದಿನಸಿ ದುಬಾರಿ. ಅಂಗಡಿಯವರನ್ನು ಬೈಯುವುದು ಸುಲಭ. ಆದರೆ ಆ ಬೆಲೆಯೊಳಗೆ ಸಾಗಣೆಯ ಖರ್ಚೂ ಇದೆ, ದಾರಿಯಲ್ಲಿ ಕೊಳೆತದ್ದರ ನಷ್ಟವೂ ಇದೆ. ಇವೆರಡನ್ನೂ ಸ್ವಲ್ಪ ಮಟ್ಟಿಗೆ ನಾವೇ ಇಳಿಸಬಹುದು.

1. ಸರಕು ಬರುವ ದಾರಿ ತಿಳಿದುಕೊಳ್ಳಿ. ಲಾರಿಯೋ, ಹಡಗೋ, ವಿಮಾನವೋ? ದಾರಿ ಮುಚ್ಚುವ ಮುಂಚಿನ ಕೊನೇ ಲೋಡ್ ಯಾವಾಗ? ಕೆನಡಾದ ನುನಾವುಟ್‌ನಲ್ಲಿ 25 ಊರುಗಳಿವೆ, ಅವುಗಳ ನಡುವೆ ರಸ್ತೆಯಿಲ್ಲ. ಸಮುದ್ರದ ಮಂಜುಗಡ್ಡೆ ಕರಗುವ ಬೇಸಿಗೆಯಲ್ಲಿ ಹಡಗು ಬರುತ್ತದೆ, ಉಳಿದಂತೆ ವಿಮಾನವೇ ಗತಿ. ಹಾಗಾಗಿ ಹಿಟ್ಟು, ಸಕ್ಕರೆಯಂಥ ಭಾರದ ಸಾಮಾನನ್ನು ಎಷ್ಟೋ ಮನೆಯವರು ಹಡಗಿನಲ್ಲೇ ಒಟ್ಟಿಗೆ ತರಿಸುತ್ತಾರೆ. ಕೆಡದ ಸಾಮಾನು ನಿಧಾನದ ದಾರಿಯಲ್ಲಿ ಬರಲಿ, ಅವಸರವೇನಿದೆ?

2. ನೀರನ್ನು ಹೊತ್ತು ತರಬೇಡಿ. ಇಡೀ ಲೆಕ್ಕದ ಗುಟ್ಟು ಇಲ್ಲಿದೆ. ಹಾಲಿನಲ್ಲಿ ಸುಮಾರು ಶೇ 87 ನೀರು, ಟೊಮೆಟೊದಲ್ಲಿ ಶೇ 94ರ ಆಸುಪಾಸು. ತೂಕದ ಮೇಲೆ ಬಾಡಿಗೆ ಅಂದರೆ ಆ ನೀರಿಗೂ ಬಾಡಿಗೆ! 1 ಕೆ.ಜಿ. ಹಾಲಿನ ಪುಡಿಯಿಂದ ಸುಮಾರು 8 ಲೀಟರ್ ಹಾಲಾಗುತ್ತದೆ. 1 ಕೆ.ಜಿ. ಒಣ ಕಾಳು ಬೆಂದಾಗ ಎರಡು ಕೆ.ಜಿ.ಗೂ ಜಾಸ್ತಿಯಾಗುತ್ತದೆ. ಬೇಯಿಸಿ ಡಬ್ಬಿಗೆ ತುಂಬಿದ ಕಾಳಿನಲ್ಲಿ ನೀರಿನ ಜೊತೆ ಡಬ್ಬಿಯ ತೂಕವೂ ಸೇರಿತು. ಆದರೆ ಉರುವಲು ತುಟ್ಟಿಯಿದ್ದರೆ ಕಾಳು ಬೇಯಿಸುವ ಖರ್ಚನ್ನೂ ಲೆಕ್ಕ ಹಾಕಿ. ತಾಜಾ ತರಕಾರಿ ಬಿಡಿ ಅಂತಲ್ಲ. ಎಲೆಕೋಸು, ಕ್ಯಾರೆಟ್‌ನಂಥ ತಾಳಿಕೆಯವನ್ನು ಆರಿಸಿ.

3. ಗಾಳಿಗೂ ಬಾಡಿಗೆಯಿದೆ. ವಿಮಾನದಲ್ಲಿ ಸಾಮಾನ್ಯವಾಗಿ 6000 ಘನ ಸೆಂ.ಮೀ. ಜಾಗವನ್ನು 1 ಕೆ.ಜಿ. ಎಂದು ಹಿಡಿಯುತ್ತಾರೆ. ಈ ಲೆಕ್ಕ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಉಬ್ಬಿದ ಚಿಪ್ಸ್ ಪೊಟ್ಟಣ ಹಗುರ ಅಂತ ಸುಮ್ನೆ ಮೋಸ ಹೋಗಬೇಡಿ.

4. ಬೆಲೆ ಹೋಲಿಸುವಾಗ ಪೊಟ್ಟಣದ ಬೆಲೆಗೆ ಬಾಡಿಗೆ ಸೇರಿಸಿ, ಕೆ.ಜಿ.ಗೆ ಎಷ್ಟು ಬಿತ್ತು ನೋಡಿ.

5. ಕೆಡದಂತೆ ಇಡಿ. ಮೂಟೆಗಟ್ಟಲೆ ತಂದು ಹುಳಕ್ಕೆ ಹಾಕಿದರೆ ಉಳಿತಾಯ ಎಲ್ಲಿಂದ ಬರಬೇಕು? ಒಣ ಸಾಮಾನಿಗೆ ಗಾಳಿಯಾಡದ ಡಬ್ಬಿ ಬೇಕು. ಫ್ರೀಜರ್‌ನಲ್ಲಿ ಜಾಗವಿದ್ದರೆ ಹಿಟ್ಟನ್ನು ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ, ಹುಳವೂ ಮೊಟ್ಟೆಯೂ ಸಾಯುತ್ತವೆ. ಆಲೂಗಡ್ಡೆಯನ್ನು ಕತ್ತಲಲ್ಲಿಡಿ, ಬೆಳಕು ತಾಗಿದರೆ ಹಸಿರಾಗುತ್ತದೆ. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ.

6. ಅಕ್ಕಪಕ್ಕದ ಮನೆಯವರೊಂದಿಗೆ ಸೇರಿ ಒಂದೇ ಆರ್ಡರ್ ಕೊಡಿ. ಲೋಡ್ ಬಂದಾಗ ತಂದವರ ಎದುರಿಗೇ ಪೆಟ್ಟಿಗೆ ಬಿಚ್ಚಿ. ಒಡೆದದ್ದು, ಒದ್ದೆಯಾದದ್ದು ಇದ್ದರೆ ರಸೀದಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.