ಬೀದಿ ಜಗಳದಲ್ಲಿ ಜೂಡೊ ಕೆಲಸಕ್ಕೆ ಬರುತ್ತದೆಯೇ? ನಾನು ಅಭ್ಯಾಸ ಮಾಡಿಸುವ ಕ್ರಮ

ಜೂಡೊ ಕಲಿಯಲು ಬರುವವರು, ಅದರಲ್ಲೂ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿ, ಮೊದಲು ಕೇಳುವುದು ಇದನ್ನೇ: ನಿಜವಾದ ಹೊಡೆದಾಟದಲ್ಲಿ ಇದು ಉಪಯೋಗಕ್ಕೆ ಬರುತ್ತದಾ ಸರ್? ಬರುತ್ತದೆ. ಬಗ್ಗದ ಎದುರಾಳಿಯ ಮೇಲೆ ಅದೇ ಪಟ್ಟನ್ನು ಹಾಕಿ ಹಾಕಿ ಪಳಗಿದವನಿಗೆ ಬರುತ್ತದೆ. ಸುಮ್ಮನೆ ನಿಂತು ಎಸೆಸಿಕೊಳ್ಳುವ ಜೊತೆಗಾರನ ಮೇಲೆ ಮಾತ್ರ ಅಭ್ಯಾಸ ಮಾಡಿದವನಿಗೆ, ಸೊಂಟಕ್ಕೆ ಎಷ್ಟೇ ಬೆಲ್ಟ್ ಕಟ್ಟಿದರೂ, ಬರುವುದಿಲ್ಲ.

ಜೂಡೊ ಹುಟ್ಟುಹಾಕಿದ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಕೊಡೊಕಾನ್ ಎಂಬ ತಮ್ಮ ಜೂಡೊ ಶಾಲೆ ಶುರುಮಾಡಿದಾಗ ಬಗೆಹರಿಸಿದ್ದು ಇದೇ ಸಮಸ್ಯೆಯನ್ನು. ಅವರು ಕಲಿತಿದ್ದ ಜಪಾನಿನ ಹಳೆಯ ಕಾದಾಟದ ಕಲೆ ಜುಜುತ್ಸುವಿನಲ್ಲಿ ಮರ್ಮಸ್ಥಾನಕ್ಕೆ ಹೊಡೆಯುವ, ಕೀಲು ಮುರಿಯುವ ಪಟ್ಟುಗಳು ಬೇಕಾದಷ್ಟಿದ್ದವು. ಅವನ್ನು ಪೂರ್ತಿ ಬಲದಿಂದ ದಿನಾ ಅಭ್ಯಾಸ ಮಾಡಿದರೆ ವಾರದಲ್ಲಿ ಜೊತೆಗಾರರೇ ಉಳಿಯುವುದಿಲ್ಲ. ಕಾನೊ ಅಂಥವನ್ನು ಕತಾ ಎಂಬ ಕ್ರಮಬದ್ಧ ಪ್ರದರ್ಶನಕ್ಕೆ ಸೀಮಿತಗೊಳಿಸಿ, ಎಸೆತ, ನೆಲದ ಹಿಡಿತ, ಕತ್ತು ಬಿಗಿಯುವುದು, ಮೊಣಕೈ ಕೀಲು ಇಷ್ಟನ್ನು ರಂದೋರಿಗೆ, ಅಂದರೆ ಇಬ್ಬರೂ ಗೆಲ್ಲಲು ಹೆಣಗುವ ಅಭ್ಯಾಸಕ್ಕೆ, ಉಳಿಸಿದರು. ಎಸೆತ ಮಾರಕವಲ್ಲದೆ ಇರಬಹುದು, ಆದರೆ ಅದನ್ನು ಪೂರ್ತಿ ಬಲ ಹಾಕಿ ನೂರಾರು ಜನರ ಮೇಲೆ ಮಾಡಿ ನೋಡಬಹುದು. ನಮ್ಮ ಗರಡಿಮನೆಯ ಪೈಲ್ವಾನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಮಟ್ಟಿಗಿಳಿದು ಕುಸ್ತಿ ಹಿಡಿಯುವವರ ಕೈ ಮೈಮೇಲೆ ಬಿದ್ದರೆ ಗೊತ್ತಾಗುತ್ತದೆ.

ಎಸೆಯುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತೇನೆ. ಇದನ್ನು ಉಕೆಮಿ ಅನ್ನುತ್ತಾರೆ. ಮೊದಲು ಕೂತು, ಆಮೇಲೆ ಕುಕ್ಕರಗಾಲಿನಿಂದ, ಆಮೇಲೆ ನಿಂತು, ಕೊನೆಗೆ ಜೊತೆಗಾರ ಬೀಳಿಸಿದಾಗ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ತಾಗಬೇಕು. ಹೊಸಬರಿಗೆ ‘ನಿನ್ನ ಬೆಲ್ಟಿನ ಗಂಟು ನೋಡು’ ಎಂದರೆ ಕತ್ತು ತಾನಾಗಿಯೇ ಬಾಗುತ್ತದೆ. ಕೈಗಳು ಮೈಯಿಂದ ಮೂವತ್ತು ನಲವತ್ತು ಡಿಗ್ರಿ ದೂರದಲ್ಲಿ, ಅಂಗೈ ಕೆಳಮುಖವಾಗಿ, ಭುಜದಿಂದ ಬೆರಳಿನವರೆಗೆ ಒಟ್ಟಿಗೆ ಮ್ಯಾಟಿಗೆ ಬಡಿಯಬೇಕು. ಉಸಿರು ಹೊರಗೆ ಬಿಡಬೇಕು. ಕೆಡುವುದು ಎಲ್ಲಿ ಎಂದರೆ, ಬೀಳುವಾಗ ಕೈಯನ್ನು ಹಿಂದಕ್ಕೆ ಊರುವುದು. ಇಡೀ ಮೈಭಾರ ಮಣಿಕಟ್ಟಿನ ಮೇಲೆ ಬಿದ್ದು ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಆಯಾಸವಾದಾಗಲೂ ಕತ್ತು ಹಿಂದಕ್ಕೆ ವಾಲದೆ ಬೀಳುವವರೆಗೆ ಯಾರನ್ನೂ ಎಸೆಯಲು ಬಿಡುವುದಿಲ್ಲ. ಬೀದಿಯಲ್ಲಿ ಎಸೆತಕ್ಕಿಂತ ಉಕೆಮಿಯೇ ಹೆಚ್ಚು ಜನರನ್ನು ಕಾಪಾಡಿದೆ ಎಂಬುದು ನನ್ನ ದೃಢ ಅಭಿಪ್ರಾಯ: ಬೈಕ್ ಜಾರಿದಾಗ, ಒದ್ದೆ ಬಚ್ಚಲಿನಲ್ಲಿ, ಮೆಟ್ಟಿಲಲ್ಲಿ.

ಒಂದು ಪಟ್ಟನ್ನು ಬಿಡಿಸಿ ಹೇಳುತ್ತೇನೆ. ಒ-ಸೊತೊ-ಗರಿ: ಎದುರಾಳಿಯ ಕಾಲನ್ನು ಹೊರಗಿನಿಂದ ಕೊಯ್ದು ಹಿಂದಕ್ಕೆ ಬೀಳಿಸುವುದು. ನಿಮ್ಮ ಬಲಗೈ ಅವನ ಎಡ ಕಾಲರ್ ಮೇಲೆ, ಕಾಲರ್ ಮೂಳೆಯ ಎತ್ತರದಲ್ಲಿ. ಎಡಗೈ ಅವನ ಬಲ ತೋಳಿನಲ್ಲಿ, ಮೊಣಕೈ ಕೆಳಗೆ. ಎಡಗಾಲನ್ನು ಅವನ ಬಲಪಾದದ ಪಕ್ಕಕ್ಕೆ, ಒಂದು ಗೇಣು ಹೊರಗೆ ಇಡಬೇಕು. ಅದೇ ಕ್ಷಣದಲ್ಲಿ ಎಡಗೈ ಅವನ ಮೊಣಕೈಯನ್ನು ನಿಮ್ಮ ಸೊಂಟದ ಕಡೆಗೆ ಎಳೆಯಬೇಕು, ಬಲಗೈ ಅವನನ್ನು ಅವನ ಬಲ ಹಿಂಮೂಲೆಗೆ ಒತ್ತಬೇಕು, ನಿಮ್ಮ ಬಲ ಎದೆ ಅವನ ಬಲ ಎದೆಗೆ ತಾಗಬೇಕು. ಈಗ ಅವನ ಬಲಪಾದ ನೋಡಿ. ಕಾಲ್ಬೆರಳುಗಳು ಮ್ಯಾಟಿನಿಂದ ಮೇಲೆದ್ದಿದ್ದರೆ ಭಾರವೆಲ್ಲ ಹಿಮ್ಮಡಿಗೆ ಹೋಗಿದೆ, ಕುಜುಶಿ ಆಗಿದೆ, ಸಮತೋಲ ಮುರಿದಿದೆ. ಇನ್ನು ಬಲಗಾಲನ್ನು ಮುಂದಕ್ಕೆ ಬೀಸಿ ತಂದು ಅವನ ಕಾಲಿನ ಹಿಂಭಾಗವನ್ನು ಹಿಂದಕ್ಕೆ ಕೊಯ್ಯಿರಿ. ಬೆರಳುಗಳು ನೆಲ ಕಚ್ಚಿಕೊಂಡಿದ್ದರೆ ಕಾಲೆತ್ತಬೇಡಿ.

ಇದರಲ್ಲಿ ಎರಡು ತಪ್ಪು ಎಲ್ಲ ಕಡೆ ಕಾಣುತ್ತವೆ. ಎಡಗಾಲು ದೂರ ಉಳಿಯುವುದು ಒಂದು. ಆಗ ಎದೆ ತಾಗುವುದಿಲ್ಲ, ನಿಮ್ಮದೇ ಭಾರ ಹಿಂದಕ್ಕಿರುತ್ತದೆ, ಅವನು ಅದೇ ಪಟ್ಟನ್ನು ನಿಮಗೇ ಹಾಕುತ್ತಾನೆ. ಕೈ ಎಳೆಯದೆ ಕಾಲಿನಿಂದಲೇ ಒದೆಯುವುದು ಇನ್ನೊಂದು. ಅವನು ಕುಂಟುತ್ತಾ ತಪ್ಪಿಸಿಕೊಳ್ಳುತ್ತಾನೆ, ನಿಮ್ಮ ಮೀನಖಂಡ ಕಂದುತ್ತದೆ. ಉಚಿಕೋಮಿಯಲ್ಲಿ, ಅಂದರೆ ಎಸೆಯದೆ ಪಟ್ಟಿಗೆ ಹೊಕ್ಕು ಹೊರಬರುವ ಅಭ್ಯಾಸದಲ್ಲಿ, ಈ ತಪ್ಪು ಮುಚ್ಚಿಹೋಗುತ್ತದೆ, ಏಕೆಂದರೆ ಜೊತೆಗಾರ ಅಲುಗಾಡುವುದಿಲ್ಲ. ಹಾಗಾಗಿ ಹತ್ತರಂತೆ ಹತ್ತು ಸುತ್ತು ಉಚಿಕೋಮಿ ಮಾಡಿಸಿದರೂ ಕೊನೆಯ ನಾಲ್ಕು ಸುತ್ತನ್ನು ನಡೆಯುತ್ತಾ ಮಾಡಿಸುತ್ತೇನೆ, ಪ್ರತಿ ಸುತ್ತಿನ ಹತ್ತನೆಯದನ್ನು ದಪ್ಪ ಮ್ಯಾಟಿನ ಮೇಲೆ ಎಸೆಸುತ್ತೇನೆ.

ರಂದೋರಿಗೆ ಮೂರು ಮಟ್ಟ ಇಟ್ಟುಕೊಂಡಿದ್ದೇನೆ. ಮೊದಲನೆಯದರಲ್ಲಿ ಇಬ್ಬರೂ ಓಡಾಡುತ್ತಾರೆ, ಸರಿಯಾಗಿ ಬಂದ ಪಟ್ಟಿಗೆ ಬೀಳುತ್ತಾರೆ. ಎರಡನೆಯದರಲ್ಲಿ ಒಬ್ಬ ತಡೆಯಬಹುದು, ತಿರುಗಿ ಎಸೆಯುವಂತಿಲ್ಲ. ಮೂರನೆಯದು ಪೂರ್ತಿ: ನಾಲ್ಕು ನಿಮಿಷದ ಸುತ್ತು, ಒಂದು ನಿಮಿಷ ವಿರಾಮ, ಐದು ಸುತ್ತು. ಇಲ್ಲಿ ಹೊಸಬರು ಎರಡೂ ಕೈ ಚಾಚಿ, ಸೊಂಟ ಹಿಂದಕ್ಕೆ ಹಾಕಿ, ಬಗ್ಗಿ ನಿಲ್ಲುತ್ತಾರೆ. ಯಾರೂ ಅವರನ್ನು ಎಸೆಯಲಾಗುವುದಿಲ್ಲ, ಅವರೂ ಯಾರನ್ನೂ ಎಸೆಯುವುದಿಲ್ಲ, ಒಂದೂವರೆ ನಿಮಿಷದಲ್ಲಿ ಮುಂಗೈ ಸೋತು ಹಿಡಿತ ಬಿಡುತ್ತದೆ. ಎಸೆಸಿಕೊಳ್ಳುವ ಭಯ ಹೋದ ದಿನ ಕೈ ಸಡಿಲವಾಗುತ್ತದೆ. ಅದಕ್ಕೂ ಉಕೆಮಿಯೇ ಮದ್ದು.

ಸ್ಪರ್ಧೆಯ ನಿಯಮ ಮಾತ್ರ ಅಭ್ಯಾಸ ಮಾಡಿದರೂ ಸಾಲದು. ಅಂತರರಾಷ್ಟ್ರೀಯ ಜೂಡೊ ಒಕ್ಕೂಟ 2010ರಿಂದ ಕಾಲಿಗೆ ಕೈ ಹಾಕುವುದನ್ನು ನಿರ್ಬಂಧಿಸುತ್ತಾ ಬಂದು 2013ರಲ್ಲಿ ಪೂರ್ತಿ ನಿಷೇಧಿಸಿತು. ಬೀದಿಯಲ್ಲಿ ಕಾಲಿಗೆ ನುಗ್ಗುವವನಿಗೆ ಆ ನಿಯಮ ಗೊತ್ತಿಲ್ಲ. ಅದಕ್ಕೇ ಕೆಲವು ಸುತ್ತುಗಳಲ್ಲಿ ಕಾಲು ಹಿಡಿಯಲು ಬಿಡುತ್ತೇನೆ. ಕುಸ್ತಿಯವರು ಬಂದಿದ್ದರೆ ಇನ್ನೂ ಒಳ್ಳೆಯದು. ಕೆಲವು ಸುತ್ತುಗಳನ್ನು ಜೂಡೊ ಡ್ರೆಸ್ ಬಿಟ್ಟು ಟೀ ಶರ್ಟಿನಲ್ಲಿ ಆಡಿಸುತ್ತೇನೆ. ಕಾಲರ್ ಇಲ್ಲ, ಎಳೆದರೆ ಬಟ್ಟೆ ಹಿಗ್ಗುತ್ತದೆ. ಆಗ ಬಲಗೈ ಕತ್ತಿನ ಹಿಂದೆ, ಎಡಗೈ ಮೊಣಕೈಯ ಮೇಲ್ಭಾಗಕ್ಕೆ ಹೋಗಬೇಕು. ಒ-ಸೊತೊ-ಗರಿ, ಒ-ಗೋಶಿ (ಸೊಂಟದ ಮೇಲೆ ಹಾಕಿ ಎಸೆಯುವ ಪಟ್ಟು) ಈ ಹಿಡಿತದಲ್ಲೂ ನಡೆಯುತ್ತವೆ. ಕಾಲರ್ ನೆಚ್ಚಿಕೊಂಡ ಪಟ್ಟುಗಳು ನಡೆಯುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ಶುರುಮಾಡುವುದು, ಹೆಗಲಲ್ಲಿ ಬ್ಯಾಗ್ ಇಟ್ಟುಕೊಂಡು ಆಡುವುದು, ಇಬ್ಬರು ಎದುರಾಳಿಗಳ ನಡುವೆ ನುಸುಳಿ ಬಾಗಿಲು ಮುಟ್ಟುವುದು, ಇವನ್ನೂ ಸೇರಿಸುತ್ತೇನೆ. ಕೊನೆಯದರಲ್ಲಿ ಬಾಗಿಲು ಮುಟ್ಟಿದವನೇ ಗೆದ್ದಂತೆ, ಎಸೆದವನಲ್ಲ.

ಚಾಕುವಿನ ವಿಷಯಕ್ಕೆ ಕೊಡೊಕಾನ್ 1956ರಲ್ಲಿ ರೂಪಿಸಿದ ಗೋಶಿನ್ ಜುತ್ಸು ಎಂಬ ಆತ್ಮರಕ್ಷಣೆಯ ಕತಾ ಇದೆ, ಒಟ್ಟು 21 ತಂತ್ರಗಳದು. ಅದನ್ನು ಕಲಿಸುತ್ತೇನೆ. ಕಲಿಸಿದ ಮೇಲೆ ಬಿಳಿ ಟೀ ಶರ್ಟ್ ಹಾಕಿಸಿ, ಜೊತೆಗಾರನ ಕೈಗೆ ಮಾರ್ಕರ್ ಪೆನ್ ಕೊಟ್ಟು, ಮನಸ್ಸಿಗೆ ಬಂದಂತೆ ಚುಚ್ಚಲು ಹೇಳುತ್ತೇನೆ. ಕೆಲವೇ ಸೆಕೆಂಡುಗಳಲ್ಲಿ ಹೊಟ್ಟೆ, ಮುಂಗೈ, ಕತ್ತಿನ ಮೇಲೆಲ್ಲ ಗೀಟು ಬೀಳುತ್ತದೆ, ಒಳ್ಳೆಯ ಬೆಲ್ಟಿನವರಿಗೂ. ಆ ಅಂಗಿಯನ್ನು ನೋಡಿದವರು ಚಾಕು ಕಂಡರೆ ಓಡಬೇಕೆಂದು ನಾನು ಹೇಳದೆಯೇ ಒಪ್ಪುತ್ತಾರೆ.

ಹಾಗಾದರೆ ಇಷ್ಟೆಲ್ಲ ಯಾತಕ್ಕೆ? 1889ರ ಉಪನ್ಯಾಸದಲ್ಲಿ ಕಾನೊ ಜೂಡೊಗೆ ಮೂರು ಗುರಿ ಹೇಳಿದರು: ದೇಹ ಗಟ್ಟಿಯಾಗುವುದು, ಕಾದಾಟದ ಕೌಶಲ, ಮನಸ್ಸು ಹದವಾಗುವುದು. ಮೂರನೆಯದು ಗೋಡೆಯ ಮೇಲಿನ ಬೋರ್ಡಿನಿಂದ ಬರುವುದಿಲ್ಲ, ರಂದೋರಿಯಿಂದಲೇ ಬರುತ್ತದೆ. ಮೈಮೇಲೆ ಎಂಬತ್ತು ಕಿಲೋ ಬಿದ್ದು ಉಸಿರು ಕಟ್ಟಿದಾಗಲೂ ಯೋಚಿಸುವುದು, ಸೋತೆ ಎಂದು ಎರಡು ಸಲ ತಟ್ಟಿ ಎದ್ದು ನಮಸ್ಕರಿಸುವುದು, ಕೈಯಲ್ಲಿ ಸಿಕ್ಕಿಬಿದ್ದವನು ತಟ್ಟಿದ ಕೂಡಲೇ ಬಿಡುವುದು. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಬಿಡಲು ಗೊತ್ತಿಲ್ಲದವನಿಗೆ ಅದನ್ನು ಕಲಿಸಲೇಬಾರದು.

ಕಾನೂನೂ ಇದೇ ಹದವನ್ನು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೆಯದು ಹೇಳುತ್ತದೆ. ಕಾಂಕ್ರೀಟ್ ಮೇಲೆ ಪೂರ್ತಿ ಬಲದ ಒ-ಸೊತೊ-ಗರಿ ಎಂದರೆ ತಲೆಬುರುಡೆ ಒಡೆಯಬಹುದು. ಆದ್ದರಿಂದ ಎಸೆತದ ಕೊನೆಯಲ್ಲಿ ಎಡಗೈ ತೋಳು ಬಿಡಬಾರದು. ಅವನ ಬೆನ್ನು ನೆಲ ಮುಟ್ಟುವ ಹೊತ್ತಿಗೆ ಆ ತೋಳನ್ನು ಒಂದಿಷ್ಟು ಮೇಲಕ್ಕೆ ಎಳೆದರೆ ಅವನು ಪಕ್ಕಕ್ಕೆ ಉರುಳುತ್ತಾನೆ, ತಲೆ ನೆಲಕ್ಕೆ ಬಡಿಯುವುದಿಲ್ಲ, ಅವನ ಕೈಯೂ ನಿಮ್ಮ ಹಿಡಿತದಲ್ಲೇ ಇರುತ್ತದೆ. ಇದನ್ನು ನಾನು ಪ್ರತಿ ಎಸೆತದಲ್ಲೂ ನೋಡುತ್ತೇನೆ, ತೋಳು ಬಿಟ್ಟರೆ ಎಸೆತ ಲೆಕ್ಕಕ್ಕಿಲ್ಲ.

ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ 2012ರಲ್ಲಿ ಸಮರಕಲೆ ಕಡ್ಡಾಯವಾದಾಗ ದೊಡ್ಡ ಚರ್ಚೆಯಾದದ್ದು ಮಕ್ಕಳ ತಲೆಗೆ ಬೀಳುವ ಪೆಟ್ಟಿನ ಬಗ್ಗೆಯೇ. ಆ ಗಾಯಗಳಲ್ಲಿ ಒ-ಸೊತೊ-ಗರಿಯ ಹೆಸರು ಪದೇ ಪದೇ ಬರುತ್ತದೆ. ಹಾಗಾಗಿ ಹೊಸಬರನ್ನು ಈ ಪಟ್ಟಿಗೆ ಜೋಡಿ ಮಾಡುವಾಗ ತೂಕದ ಅಂತರ ಐದು ಕಿಲೋ ದಾಟದಂತೆ ನೋಡಿಕೊಳ್ಳುತ್ತೇನೆ, ದಪ್ಪ ಮ್ಯಾಟಿಲ್ಲದೆ ಮಾಡಿಸುವುದಿಲ್ಲ. ತಲೆ ತಾಗಿತು ಎಂದು ಯಾರಾದರೂ ಹೇಳಿದರೆ ಆ ದಿನಕ್ಕೆ ಅಭ್ಯಾಸ ಮುಗಿಯಿತು. ತಲೆನೋವು, ವಾಂತಿ, ಮಂಪರು ಇದ್ದರೆ ನೇರ ಆಸ್ಪತ್ರೆಗೆ, ಮತ್ತೆ ಮ್ಯಾಟ್ ಹತ್ತುವುದು ವೈದ್ಯರು ಹೇಳಿದ ಮೇಲೆ.