ಚಂದ್ರನ ಮಣ್ಣಿನ ಸುದ್ದಿ ಓದಿ ತೋಟಕ್ಕೆ ಥರ್ಮಾಮೀಟರ್ ಇಟ್ಟೆ

ತಿಪಟೂರು ಸೀಮೆಯಲ್ಲಿ ನಮ್ಮದು ಎರಡೂವರೆ ಎಕರೆ ತೆಂಗಿನ ತೋಟ. ಅಪ್ಪನ ಕಾಲದಿಂದಲೂ ವರ್ಷಕ್ಕೆ ಮೂರು ಸಲ ಉಳುಮೆ. ಬಿದ್ದ ಗರಿಯನ್ನೆಲ್ಲ ಗುಡ್ಡೆ ಹಾಕಿ ಸುಡುತ್ತಿದ್ದೆವು. ತೋಟದಲ್ಲಿ ಕಸ ಇರಬಾರದು, ನೆಲ ಕೆಂಪಗೆ ಕಾಣಬೇಕು, ಅದೇ ಒಳ್ಳೆ ಬೇಸಾಯ ಅಂತ ನಂಬಿದ್ದೆವು.

2023ರ ಆಗಸ್ಟ್‌ನಲ್ಲಿ ಚಂದ್ರಯಾನ-3 ಇಳಿಯಿತಲ್ವಾ, ಕೆಲವೇ ದಿನಕ್ಕೆ ಇಸ್ರೋದವರು ಅಲ್ಲಿನ ಮಣ್ಣಿನ ಶಾಖದ ಲೆಕ್ಕ ಕೊಟ್ಟರು. ಮೇಲೆ 50 ಡಿಗ್ರಿಗೂ ಜಾಸ್ತಿ. ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10ರ ಹತ್ತಿರ! ಸೂರ್ಯ ನಮಗೂ ಚಂದ್ರನಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಅಲ್ಲಿ ಗಾಳಿ ಇಲ್ಲ, ಆ ಪುಡಿಮಣ್ಣಲ್ಲಿ ಹಸಿ ಇಲ್ಲ. ಇಲ್ಲಿ ಬಿಸಿಲನ್ನು ಹದ ಮಾಡುವುದು ಗಾಳಿ, ನೀರು, ಅವೆರಡನ್ನೂ ಒಳಗೆ ಹಿಡಿದಿಡುವ ಗೇಣುದ್ದದ ಮೇಲ್ಮಣ್ಣು. ನಾನು ಸುಡುತ್ತಿದ್ದದ್ದು ಆ ಮಣ್ಣಿಗೆ ಸೇರಬೇಕಾದದ್ದನ್ನೇ ಅನ್ನಿಸಿ ಸಂಕಟವಾಯಿತು.

ಮುಂದಿನ ಏಪ್ರಿಲ್‌ನಲ್ಲಿ ಮಣ್ಣಿನ ಥರ್ಮಾಮೀಟರ್ ತಂದೆ. ಮಧ್ಯಾಹ್ನ ಎರಡು ಗಂಟೆಗೆ ಉತ್ತ ನೆಲದ ಮೇಲೆ 51 ಡಿಗ್ರಿ. ಬೇಲಿ ಪಕ್ಕ ಹಳೇ ಗರಿ ಬಿದ್ದಿದ್ದ ಕಡೆ, ಅದರಡಿ, 33. ಗರಿ ಎತ್ತಿದರೆ ಎರೆಹುಳ ಇತ್ತು.

ಅವತ್ತಿಂದ ಸುಡುವುದು ಬಿಟ್ಟೆ. ಉಳುಮೆಯನ್ನೂ ನಿಲ್ಲಿಸಿದೆ. ಗರಿಯನ್ನು ಮೂರು ತುಂಡು ಮಾಡಿ ಸಾಲಿನ ನಡುವೆ ಹಾಸಿದೆವು. ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಕಾಯಿ ಸುಲಿದ ಮಟ್ಟೆಯನ್ನು ಒಳಮೈ ಮೇಲಾಗಿ ಜೋಡಿಸಿ ಮಣ್ಣು ಮುಚ್ಚಿದೆವು. ಹೀಗಿಟ್ಟರೆ ಒಂದೊಂದು ಮಟ್ಟೆಯೂ ಬಟ್ಟಲಿನ ಹಾಗೆ ನೀರು ಹಿಡಿಯುತ್ತದೆ. ಮೊದಲ ಮಳೆಗೆ ಅಲಸಂದೆ ಚೆಲ್ಲಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಅಲಸಂದೆ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಗೊಬ್ಬರ ಮಾಡಿಕೊಡುತ್ತವೆ. ಗಂಟು ಒಡೆದು ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆದಿದೆ ಅಂತ.

ಪಕ್ಕದ ತೋಟದ ದೊಡ್ಡಪ್ಪ, "ಏನಪ್ಪಾ, ತೋಟ ಹಾಳು ಬಿಟ್ಟಿದ್ದೀಯಲ್ಲ?" ಅಂದರು. ಬೇಜಾರಾಯಿತು.

ಒಂದು ತಪ್ಪೂ ಆಯಿತು. ಸತ್ತ ಮರದ ಕಾಂಡ, ಸಗಣಿ ಗುಂಡಿ ಎರಡನ್ನೂ ಹಾಗೇ ಬಿಟ್ಟಿದ್ದೆ. ಅಲ್ಲಿ ರೈನೋಸರಸ್ ದುಂಬಿ ಮೊಟ್ಟೆಯಿಟ್ಟು, ನಾಲ್ಕು ಎಳೇ ಮರಗಳ ಸುಳಿ ಕೊರೆಯಿತು. ಕೊಕ್ಕೆ ಕಂಬಿಯಿಂದ ದುಂಬಿ ಎಳೆದು ತೆಗೆದೆವು, ಕಾಂಡ ಸಾಗಿಸಿದೆವು, ಗುಂಡಿಗೆ ದುಂಬಿಯ ಮರಿಹುಳ ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿದೆವು. ಹೀಗೆ ನೆಲಕ್ಕೆ ಗರಿ ಹೊದಿಕೆ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಒಂದು ಎಕರೆಗೆ 10 ಮಿಲಿಮೀಟರ್ ಮಳೆ ಅಂದರೆ 40,000 ಲೀಟರ್ ನೀರು. ಮೊದಲು ಅದರಲ್ಲಿ ಎಷ್ಟೋ ನೀರು ಕೆಂಪು ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತಿತ್ತು. ಕಳೆದ ಸಲ ಜೋರು ಮಳೆ ಬಂದಾಗ ಕೊಡೆ ಹಿಡಿದು ತೋಟದ ಕೆಳಗಿನ ಬದುವಿನ ಮೇಲೆ ನಿಂತಿದ್ದೆ. ತುಂಬಾ ಹೊತ್ತಾದ ಮೇಲೆ ಒಂದು ಸಣ್ಣ ಧಾರೆ ಬಂತು, ತಿಳಿಯಾಗಿತ್ತು. ಮೂಲೆಯ ಅರ್ಧ ಎಕರೆ ಇನ್ನೂ ಬರಿನೆಲ. ಅಲ್ಲಿಗೆ ಚೆಲ್ಲಲು ಅಲಸಂದೆ ಬೀಜ ತಂದಿಟ್ಟಿದ್ದೇನೆ.